ಪಟ್ಟಿಯಲ್ಲಿ ಯಾರ ಹೆಸರಿದೆ? ಅರ್ಕಾನ್ಸಾ ಕೌಂಟಿಯ ಭತ್ತ ಮತ್ತು ಸರ್ಕಾರದ ದುಡ್ಡು

(ಮಂಡ್ಯದಲ್ಲಿ ರೈತರು ಮತ್ತು ಕೃಷಿ ಓದುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಎರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಪಟ್ಟಿಯ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಅಮೆರಿಕದ ಸರ್ಕಾರ ತನ್ನ ರೈತರಿಗೆ ಕೊಟ್ಟ ಸಹಾಯಧನದ ಪಟ್ಟಿ ಅದು. ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎನ್ನುವ ಸಂಸ್ಥೆ ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಡಿ ಕೃಷಿ ಇಲಾಖೆಯಿಂದ ದಾಖಲೆ ತರಿಸಿಕೊಂಡು ಇದನ್ನು ಎಲ್ಲರೂ ನೋಡುವ ಹಾಗೆ ಇಟ್ಟಿದೆ. 1995ರಿಂದ ಈಚೆಗೆ ಯಾವ ಕೌಂಟಿಯಲ್ಲಿ ಯಾರಿಗೆ ಎಷ್ಟು ಹೋಯಿತು ಅನ್ನುವುದು ಹೆಸರು ಸಮೇತ ಸಿಗುತ್ತದೆ. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ಅರ್ಕಾನ್ಸಾ ರಾಜ್ಯದಲ್ಲಿ ಇಂಥ 75 ಕೌಂಟಿಗಳಿವೆ. ಅದರಲ್ಲಿ ಒಂದಕ್ಕೆ ರಾಜ್ಯದ ಹೆಸರೇ ಇದೆ, ಅರ್ಕಾನ್ಸಾ ಕೌಂಟಿ. 1813ರಲ್ಲೇ ಆದ ಕೌಂಟಿ ಅದು, ರಾಜ್ಯ ಆಗಿದ್ದು 1836ರಲ್ಲಿ. 2020ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 17,000. ನಮ್ಮ ದೊಡ್ಡ ಹೋಬಳಿಯೊಂದರಲ್ಲಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ.

ಆ ಕೌಂಟಿಯನ್ನೇ ಯಾಕೆ ಆರಿಸಿಕೊಂಡೆ? ಅದು ಭತ್ತದ ಸೀಮೆ, ಅದಕ್ಕೆ. ಅಮೆರಿಕದಲ್ಲಿ ಬೆಳೆಯುವ ಭತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದು ಅರ್ಕಾನ್ಸಾ ರಾಜ್ಯದಿಂದ. ಈ ಕೌಂಟಿ ಇರುವ ಬಯಲಿಗೆ ಗ್ರ್ಯಾಂಡ್ ಪ್ರೇರಿ ಅನ್ನುತ್ತಾರೆ. ಮೇಲೆ ಹುಲ್ಲುಗಾವಲಿನ ಮಣ್ಣು, ಸ್ವಲ್ಪ ಕೆಳಗೆ ಗಟ್ಟಿ ಜೇಡಿಯ ಪದರ. ನೀರು ನಿಲ್ಲಿಸಿದರೆ ಇಂಗಿ ಹೋಗುವುದಿಲ್ಲ. ಬೇರೆ ಬೆಳೆಗೆ ತೊಂದರೆ ಕೊಡುತ್ತಿದ್ದ ಆ ಜೇಡಿ ಭತ್ತಕ್ಕೆ ವರವಾಯಿತು. ಸುಮಾರು 120 ವರ್ಷದಿಂದ ಅಲ್ಲಿ ಭತ್ತ ಇದೆ. ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಟ್ಟಿಯನ್ನು ಮೊದಲ ಸಲ ತೆಗೆದು ನೋಡಿದವರ ಕಣ್ಣು ಒಂದು ಹೆಸರಿನ ಮೇಲೆ ನಿಲ್ಲುತ್ತದೆ: ರೈಸ್‌ಲ್ಯಾಂಡ್ ಫುಡ್ಸ್, ಸ್ಟಟ್‌ಗಾರ್ಟ್, ಅರ್ಕಾನ್ಸಾ. ಹೆಸರಿನ ಮುಂದಿರುವ ಮೊತ್ತ 55 ಕೋಟಿ ಡಾಲರಿಗೂ ಜಾಸ್ತಿ. ಇಡೀ ದೇಶದ ಲೆಕ್ಕದಲ್ಲೇ ಮುಂಚೂಣಿಯಲ್ಲಿರುವ ಹೆಸರು ಅದು. ನೋಡಿದ ಕೂಡಲೇ ಸಿಟ್ಟು ಬರುತ್ತದೆ, ಅಲ್ವಾ? ಒಂದು ಕಂಪನಿ ರೈತರ ದುಡ್ಡು ನುಂಗಿತು ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ರೈಸ್‌ಲ್ಯಾಂಡ್ ರೈತರದ್ದೇ ಸಹಕಾರ ಸಂಘ. 1921ರಲ್ಲಿ ಶುರುವಾದದ್ದು. ಸಾವಿರಾರು ರೈತರು ತಮ್ಮ ಭತ್ತವನ್ನು ಅಲ್ಲಿಗೆ ಹಾಕುತ್ತಾರೆ. ಸರ್ಕಾರದ ಕೆಲವು ಯೋಜನೆಗಳ ಹಣ ಸದಸ್ಯರ ಪರವಾಗಿ ಸಂಘದ ಹೆಸರಿಗೆ ಬಂತು. ನಮ್ಮ ಡೇರಿಯ ಹೆಸರಿಗೆ ಒಟ್ಟು ಹಣ ಬಂದು ಆಮೇಲೆ ಹಾಲು ಹಾಕಿದವರಿಗೆ ಹಂಚಿದ ಹಾಗೆ. ಹೊರಗಿನವರಿಗೆ ಕಾಣುವುದು ಒಂದೇ ಹೆಸರು. ಅದರ ಹಿಂದಿನ ಸಾವಿರಾರು ಮನೆಗಳು ಕಾಣುವುದಿಲ್ಲ.

ಹಾಗಾದರೆ ದುಡ್ಡು ಎಲ್ಲ ಸಣ್ಣ ರೈತರಿಗೇ ಹೋಯಿತು ಅಂದುಕೊಳ್ಳಬೇಡಿ. ಅದೂ ಅಲ್ಲ. ಇಡೀ ಅಮೆರಿಕದ ಲೆಕ್ಕ ನೋಡಿ. 1995ರಿಂದ 2021ರವರೆಗೆ ಬೆಳೆ ಆಧಾರದ ಸಹಾಯಧನದಲ್ಲಿ ಶೇ. 78ರಷ್ಟು ಹಣ ಮೇಲಿನ ಶೇ. 10 ಜನರ ಕೈಗೆ ಹೋಗಿದೆ. ಹತ್ತು ಜನ ಸಾಲಲ್ಲಿ ನಿಂತರೆ ಮೊದಲನೆಯವನ ಚೀಲಕ್ಕೆ ಮುಕ್ಕಾಲಿಗಿಂತ ಜಾಸ್ತಿ ಬಿತ್ತು, ಉಳಿದ ಒಂಬತ್ತು ಜನ ಮಿಕ್ಕಿದ್ದನ್ನು ಹಂಚಿಕೊಂಡರು. ಇದು ಯಾಕೆ ಹೀಗಾಯಿತು? ಕಳ್ಳತನದಿಂದ ಆದದ್ದಲ್ಲ. ಲೆಕ್ಕ ಹಾಕುವ ರೀತಿಯೇ ಹಾಗಿದೆ. ನಾನು ಇವತ್ತು ನಿಮ್ಮ ಹತ್ತಿರ ಹೇಳಬೇಕಾದ ಮುಖ್ಯ ಮಾತು ಇದು. ಈ ಹಣ ಮನುಷ್ಯನನ್ನು ನೋಡಿ ಬರುವುದಿಲ್ಲ, ಜಮೀನನ್ನು ನೋಡಿ ಬರುತ್ತದೆ.

ಅಲ್ಲಿ 'ಬೇಸ್ ಎಕರೆ' ಅನ್ನುವ ಒಂದು ಪದ ಇದೆ. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಜಮೀನಿನಲ್ಲಿ ಹಿಂದೆ ಯಾವಾಗಲೋ ಭತ್ತ ಬೆಳೆದಿದ್ದರೆ, ಆ ಚರಿತ್ರೆಯ ಮೇಲೆ ಅದಕ್ಕೆ ಇಷ್ಟು ಭತ್ತದ ಬೇಸ್ ಎಕರೆ ಅಂತ ಬರೆದಿಡುತ್ತಾರೆ. ಜಮೀನು ಮಾರಿದರೆ ಬೇಸ್ ಕೂಡ ಜಮೀನಿನ ಜೊತೆ ಹೋಗುತ್ತದೆ. ಈ ವರ್ಷ ಆ ಹೊಲದಲ್ಲಿ ಭತ್ತದ ಬದಲು ಸೋಯಾ ಹಾಕಿದರೂ ಭತ್ತದ ಬೇಸ್‌ನ ಹಣ ಬರುತ್ತದೆ. ಅಂದರೆ ಸರ್ಕಾರ ನೋಡುವುದು ಗದ್ದೆಯ ಹಳೆಯ ದಾಖಲೆಯನ್ನು, ಈಗ ನಿಂತಿರುವ ಪೈರನ್ನಲ್ಲ.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಸರ್ಕಾರ ಪ್ರತಿ ಬೆಳೆಗೂ ಒಂದು ಆಧಾರ ಬೆಲೆ ಕಟ್ಟಿದೆ. ಉದ್ದಕಾಳಿನ ಭತ್ತಕ್ಕೆ ಅದು ನೂರು ಪೌಂಡಿಗೆ, ಅಂದರೆ ಸುಮಾರು 45 ಕಿಲೋಗೆ, 14 ಡಾಲರ್ ಇತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು 16.90 ಡಾಲರಿಗೆ ಏರಿಸಿತು. ನಮ್ಮ ಕ್ವಿಂಟಾಲಿಗೆ ತಿರುಗಿಸಿದರೆ ಸುಮಾರು 37 ಡಾಲರ್. ಇದು ನಮ್ಮ ಬೆಂಬಲ ಬೆಲೆಯ ಹಾಗಲ್ಲ. ಅಲ್ಲಿ ಸರ್ಕಾರ ಭತ್ತ ಕೊಳ್ಳುವುದಿಲ್ಲ. ದೇಶದ ಸರಾಸರಿ ಮಾರುಕಟ್ಟೆ ಬೆಲೆ ಆಧಾರ ಬೆಲೆಗಿಂತ ಕೆಳಗೆ ಹೋದರೆ, ನಡುವಿನ ವ್ಯತ್ಯಾಸವನ್ನು ಮಾತ್ರ ಕೊಡುತ್ತದೆ. ಮಾರುಕಟ್ಟೆ ಬೆಲೆ 14 ಡಾಲರ್ ಆಯಿತು ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 2.90. ಒಬ್ಬನ ಹತ್ತಿರ 100 ಬೇಸ್ ಎಕರೆ ಇದೆ, ದಾಖಲೆಯ ಇಳುವರಿ ಎಕರೆಗೆ 60 ನೂರು-ಪೌಂಡು. ಬೇಸ್‌ನಲ್ಲಿ ಶೇ. 85ಕ್ಕೆ ಮಾತ್ರ ಹಣ. 85 ಗುಣಿಸು 60 ಗುಣಿಸು 2.90. ಬಂದದ್ದು 14,790 ಡಾಲರ್. ಸಾವಿರ ಬೇಸ್ ಎಕರೆ ಇದ್ದವನಿಗೆ ಇದರ ಹತ್ತರಷ್ಟು. ಎಷ್ಟು ಜಮೀನೋ ಅಷ್ಟು ಹಣ.

ಮಿತಿ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು. 2025ರ ಕಾನೂನು ಅದನ್ನು 1,55,000ಕ್ಕೆ ಏರಿಸಿತು. ಆದರೆ ಪಾಲುದಾರಿಕೆ ಮಾಡಿಕೊಂಡರೆ ಪ್ರತಿ ಪಾಲುದಾರನಿಗೂ ಒಂದೊಂದು ಮಿತಿ. ಗಂಡ, ಹೆಂಡತಿ, ಮಕ್ಕಳು ಸೇರುತ್ತಾರೆ. 2018ರ ಕೃಷಿ ಕಾನೂನು ಅಣ್ಣತಮ್ಮಂದಿರ ಮಕ್ಕಳನ್ನೂ ಕುಟುಂಬದ ಲೆಕ್ಕಕ್ಕೆ ಸೇರಿಸಿತು. ಅವರು 'ಕೃಷಿಯಲ್ಲಿ ಸಕ್ರಿಯವಾಗಿ ತೊಡಗಿರಬೇಕು' ಅನ್ನುವ ಷರತ್ತು ಇದೆ. ಆದರೆ ನಿರ್ವಹಣೆಯ ಕೆಲಸ ಮಾಡಿದರೂ ಅದು ತೊಡಗಿಕೊಂಡ ಹಾಗೆಯೇ. ಕೆಸರಿಗೆ ಇಳಿಯಲೇಬೇಕು ಅಂತ ಏನಿಲ್ಲ.

ಜಮೀನಿನ ಹಿಂದೆ ಹಣ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಟೆಕ್ಸಾಸಿನ ಒಂದು ಕಥೆ ಇದೆ. 1996ರ ಕಾನೂನು ಬೆಲೆ ಏರಲಿ ಇಳಿಯಲಿ, ಬೇಸ್ ಇದ್ದವರಿಗೆ ನಿಗದಿತ ಹಣ ಅಂತ ಮಾಡಿತು. ಬಿತ್ತಬೇಕು ಅನ್ನುವ ಕಡ್ಡಾಯವೂ ಇರಲಿಲ್ಲ. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದರ ಬೆನ್ನು ಹತ್ತಿತು. ಎಲ್ ಕ್ಯಾಂಪೊ ಎನ್ನುವ ಊರಿನ ಸುತ್ತ ಹಳೆಯ ಭತ್ತದ ಗದ್ದೆಗಳಲ್ಲಿ ಮನೆಗಳೆದ್ದಿದ್ದವು. ಆ ನಿವೇಶನಗಳಿಗೂ ಭತ್ತದ ಹಣ ಬರುತ್ತಿತ್ತು. 2000ರಿಂದ ಆಗಿನವರೆಗೆ ಕೃಷಿಯನ್ನೇ ಮಾಡದ ಜನರಿಗೆ 130 ಕೋಟಿ ಡಾಲರ್ ಹೋಗಿದೆ ಅಂತ ಆ ಪತ್ರಿಕೆ ಲೆಕ್ಕ ಕೊಟ್ಟಿತು. ನನಗೆ ಇದರಲ್ಲಿ ನೋವಾಗುವುದು ಮನೆ ಕಟ್ಟಿದವರ ವಿಷಯಕ್ಕಲ್ಲ. ಒಡೆಯನಿಗೆ ಗದ್ದೆಯನ್ನು ಸುಮ್ನೆ ಬಿಟ್ಟರೂ ಹಣ ಬರುವುದಾದರೆ, ಗೇಣಿಗೆ ಮಾಡುವವನು ಯಾಕೆ ಬೇಕು? ಸೀಮೆಯಲ್ಲಿ ಭತ್ತ ಕಡಿಮೆಯಾದರೆ ಅಕ್ಕಿ ಗಿರಣಿಗೆ ಕೆಲಸ ಇಲ್ಲ, ಟ್ರ್ಯಾಕ್ಟರ್ ರಿಪೇರಿಯವನಿಗೆ ಕೆಲಸ ಇಲ್ಲ. ಆ ನಿಗದಿತ ಹಣದ ಪದ್ಧತಿಯನ್ನು 2014ರ ಕಾನೂನು ನಿಲ್ಲಿಸಿತು. ಬೇಸ್ ಎಕರೆ ಮಾತ್ರ ಉಳಿಯಿತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಜಮೀನನ್ನು ಹತ್ತು, ಹದಿನೈದು ವರ್ಷ ಹುಲ್ಲು, ಮರಕ್ಕೆ ಬಿಟ್ಟರೆ ಬಾಡಿಗೆ ಕೊಡುವ ಇನ್ನೊಂದು ಯೋಜನೆ 1985ರಿಂದ ಇದೆ. ಅದರಲ್ಲಿ ಒಂದು ಒಳ್ಳೆಯ ನಿಯಮ ಸೇರಿಸಿದ್ದಾರೆ. ಸಾಮಾನ್ಯವಾಗಿ ಒಂದು ಕೌಂಟಿಯ ಸಾಗುವಳಿ ಜಮೀನಿನಲ್ಲಿ ಶೇ. 25ಕ್ಕಿಂತ ಜಾಸ್ತಿ ಹಾಗೆ ಬಿಡುವ ಹಾಗಿಲ್ಲ. ಬೀಜ, ಗೊಬ್ಬರದ ಅಂಗಡಿ ಮುಚ್ಚಿದರೆ ಊರೇ ಮುಚ್ಚುತ್ತದೆ ಅನ್ನುವ ತಿಳಿವಳಿಕೆ ಅದರ ಹಿಂದಿದೆ.

ಗೇಣಿದಾರನ ಮಾತು ಬಂತು. ಅದು ಬಹಳ ಹಳೆಯದು. 1933ಕ್ಕೆ ಹೋಗೋಣ. ಮಹಾ ಆರ್ಥಿಕ ಕುಸಿತದ ಕಾಲ. ಹತ್ತಿಗೆ ಬೆಲೆ ಇಲ್ಲ. ರೂಸ್‌ವೆಲ್ಟ್ ಸರ್ಕಾರ ಮೇ ತಿಂಗಳಲ್ಲಿ ಒಂದು ಕಾನೂನು ತಂದಿತು. ಬೆಳೆ ಕಡಿಮೆ ಮಾಡಿ, ಹಣ ಕೊಡುತ್ತೇವೆ ಅಂದಿತು. ಅಷ್ಟರಲ್ಲಿ ಹತ್ತಿ ಬಿತ್ತಿ ಆಗಿತ್ತು. ಹಾಗಾಗಿ ನಿಂತ ಬೆಳೆಯನ್ನೇ ಉಳಬೇಕಾಯಿತು. ಸುಮಾರು 1 ಕೋಟಿ ಎಕರೆ ಹತ್ತಿ ಮಣ್ಣುಪಾಲಾಯಿತು. ಸಾಲಿನ ನಡುವೆ ಮಾತ್ರ ನಡೆಯಲು ಕಲಿತಿದ್ದ ಹೇಸರಗತ್ತೆಗಳು ಗಿಡ ತುಳಿಯಲು ಒಪ್ಪದೆ ನಿಂತುಬಿಟ್ಟವು ಅಂತ ಆ ಕಡೆ ಇಂದಿಗೂ ಹೇಳುತ್ತಾರೆ. ರೈತರು ಇದನ್ನು ಕೇಳಿದರೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ.

ಹಣ ಬಂದದ್ದು ಒಡೆಯನ ಹೆಸರಿಗೆ. ಪಾಲಿಗೆ ದುಡಿಯುತ್ತಿದ್ದವರಿಗೆ ಅವರ ಭಾಗ ಕೊಡಬೇಕು ಅಂತ ಕರಾರಿನಲ್ಲಿ ಇತ್ತು. ಎಷ್ಟೋ ಕಡೆ ಕೊಡಲಿಲ್ಲ. ಇನ್ನೂ ಕೆಟ್ಟದ್ದು ಆಮೇಲೆ ಆಯಿತು. ಎಕರೆ ಕಡಿಮೆಯಾದ ಮೇಲೆ ಅಷ್ಟು ಜನ ಬೇಕಾಗಲಿಲ್ಲ. ಪಾಲಿನವರನ್ನು ಮನೆ ಬಿಡಿಸಿ ರಸ್ತೆಗೆ ಹಾಕಿದರು. 1934ರ ಜುಲೈನಲ್ಲಿ ಅದೇ ಅರ್ಕಾನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿಯಲ್ಲಿ, ಟೈರೊನ್ಜಾ ಎನ್ನುವ ಊರಿನ ಹತ್ತಿರ, 18 ಜನ ಸೇರಿ ದಕ್ಷಿಣದ ಗೇಣಿದಾರರ ಸಂಘ ಕಟ್ಟಿದರು. ಅವರಲ್ಲಿ 11 ಜನ ಬಿಳಿಯರು, 7 ಜನ ಕರಿಯರು. ಆ ಕಾಲದ ದಕ್ಷಿಣದಲ್ಲಿ ಬಿಳಿಯರು, ಕರಿಯರು ಒಂದೇ ಸಂಘದಲ್ಲಿ ಕೂರುವುದು ಎಷ್ಟು ದೊಡ್ಡ ಧೈರ್ಯ ಅಂತ ಯೋಚನೆ ಮಾಡಿ. ಅವರು ಕೇಳಿದ್ದು ಇಷ್ಟೇ. ಸರ್ಕಾರದ ಹಣದಲ್ಲಿ ನಮ್ಮ ಪಾಲು ನಮಗೆ ಕೊಡಿ, ನಮ್ಮನ್ನು ಒಕ್ಕಲೆಬ್ಬಿಸಬೇಡಿ. ಕೃಷಿ ಇಲಾಖೆಯ ಒಳಗೇ ಕೆಲವು ವಕೀಲರು ಅವರ ಪರ ನಿಂತರು. ಅದೇ ಪಾಲಿನವರನ್ನು ಜಮೀನಿನಲ್ಲಿ ಉಳಿಸಿಕೊಳ್ಳಲೇಬೇಕು ಅಂತ ಕರಾರಿಗೆ ಅರ್ಥ ಹೇಳಿದರು. 1935ರ ಫೆಬ್ರವರಿಯಲ್ಲಿ ಅವರನ್ನು ಕೆಲಸದಿಂದ ತೆಗೆದರು.

ಹಣ ಹಂಚುವ ಕೈ ಯಾರದು ಅನ್ನುವುದೂ ಮುಖ್ಯ. ಅಲ್ಲಿ ಪ್ರತಿ ಕೌಂಟಿಯಲ್ಲೂ ಕೃಷಿ ಇಲಾಖೆಯ ಕಚೇರಿ ಇರುತ್ತದೆ. ಅದರ ಜೊತೆ ರೈತರೇ ಮತ ಹಾಕಿ ಆರಿಸಿದ ಕೌಂಟಿ ಸಮಿತಿ ಇರುತ್ತದೆ. ಕೇಳಲು ಬಹಳ ಚೆನ್ನಾಗಿದೆ. ನಾನು ಆ ಪದ್ಧತಿಯನ್ನು ಇಷ್ಟಪಡುತ್ತೇನೆ ಕೂಡ. ಆದರೆ ಊರಿನ ಸಮಿತಿ ಅಂದರೆ ಊರಿನ ಬಲಾಢ್ಯರ ಸಮಿತಿ ಆಗುವ ಸಾಧ್ಯತೆ ಜಾಸ್ತಿ. ದಕ್ಷಿಣದ ಕೌಂಟಿಗಳಲ್ಲಿ ಕರಿಯ ರೈತರ ಸಾಲದ ಅರ್ಜಿ ತಿಂಗಳುಗಟ್ಟಲೆ ಮೇಜಿನ ಮೇಲೇ ಉಳಿಯುತ್ತಿತ್ತು. ಬಿತ್ತನೆ ಮುಗಿದ ಮೇಲೆ ಸಾಲ ಬಂದರೆ ಏನು ಪ್ರಯೋಜನ? ಅವರು ಕೋರ್ಟಿಗೆ ಹೋದರು. ಪಿಗ್‌ಫರ್ಡ್ ಮೊಕದ್ದಮೆ ಅಂತ ಅದಕ್ಕೆ ಹೆಸರು. 1999ರಲ್ಲಿ ರಾಜಿಯಾಯಿತು. 100 ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಹೋಯಿತು. ಆದರೆ 1920ರಲ್ಲಿ ಆ ದೇಶದಲ್ಲಿ 9 ಲಕ್ಷಕ್ಕೂ ಜಾಸ್ತಿ ಕರಿಯ ರೈತರಿದ್ದರು. ಈಗ 50,000ದ ಒಳಗೆ ಬಂದಿದ್ದಾರೆ. ಕೈ ಬಿಟ್ಟ ಜಮೀನನ್ನು ಯಾವ ಪರಿಹಾರವೂ ಮರಳಿ ಕೊಡಲಿಲ್ಲ.

ಈಚಿನದ್ದು ಒಂದು ಹೇಳುತ್ತೇನೆ. 2018ರಲ್ಲಿ ಚೀನಾ ಜೊತೆ ಸುಂಕದ ಜಗಳ ಶುರುವಾಗಿ ಅಮೆರಿಕದ ಸೋಯಾಗೆ ಕೊಳ್ಳುವವರು ಕಡಿಮೆಯಾದರು. ಸರ್ಕಾರ ರೈತರಿಗೆ ಪರಿಹಾರ ಕೊಟ್ಟಿತು. ಎರಡನೇ ವರ್ಷ, 2019ರಲ್ಲಿ, ಬೆಳೆಯ ಲೆಕ್ಕ ಬಿಟ್ಟು ಕೌಂಟಿಗೆ ಒಂದೇ ದರ ಮಾಡಿದರು. ಒಂದು ಕೌಂಟಿಯಲ್ಲಿ ಎಕರೆಗೆ 15 ಡಾಲರ್, ಇನ್ನೊಂದರಲ್ಲಿ 150 ಡಾಲರ್. ಗಡಿ ಒಂದು ರಸ್ತೆ ಆಗಿದ್ದರೆ ಆ ಕಡೆಯವನಿಗೆ ಒಂದು ದರ, ಈ ಕಡೆಯವನಿಗೆ ಇನ್ನೊಂದು. ಮಣ್ಣು ಒಂದೇ, ಬೆಳೆ ಒಂದೇ. ನಮ್ಮಲ್ಲಿ ಬರ ಪೀಡಿತ ತಾಲ್ಲೂಕು ಅಂತ ಘೋಷಣೆ ಆದಾಗ ಗಡಿಯ ಊರಿನವರು ಏನೇನು ಅನುಭವಿಸುತ್ತಾರೆ ಅಂತ ನಿಮಗೆ ಗೊತ್ತು.

ಇನ್ನೊಂದು ಮಾತು. ಈ ಪಟ್ಟಿ ಪೂರ್ತಿ ಅಲ್ಲ. ಅಲ್ಲಿ ಬೆಳೆ ವಿಮೆಯ ಕಂತಿನಲ್ಲಿ ಸರಾಸರಿ ಶೇ. 60ಕ್ಕೂ ಜಾಸ್ತಿಯನ್ನು ಸರ್ಕಾರವೇ ಕಟ್ಟುತ್ತದೆ. ಅದು ಇವತ್ತು ದೊಡ್ಡ ಸಹಾಯಧನಗಳಲ್ಲಿ ಒಂದು. ಆದರೆ ಅದನ್ನು ಪಡೆದವರ ಹೆಸರು ಹೊರಗೆ ಬರುವುದಿಲ್ಲ, ಕಾನೂನು ಬಿಡುವುದಿಲ್ಲ. ಒಬ್ಬರಿಗೆ ಇಷ್ಟೇ ಅನ್ನುವ ಮಿತಿಯೂ ಅದಕ್ಕಿಲ್ಲ. ಹೆಸರು ಕಾಣುವ ಕಡೆ ಮಿತಿ ಇದೆ, ಹೆಸರು ಕಾಣದ ಕಡೆ ಮಿತಿ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಇಷ್ಟೆಲ್ಲ ಕೇಳಿ ಅಮೆರಿಕದ ರೈತರಿಗೆ ಸಹಾಯವೇ ಬೇಡ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಭತ್ತ ಬೆಳೆಯುವವನ ಕಷ್ಟ ಎಲ್ಲ ಕಡೆ ಕಷ್ಟವೇ. ಗ್ರ್ಯಾಂಡ್ ಪ್ರೇರಿಯಲ್ಲಿ ನೂರು ವರ್ಷದಿಂದ ಬಾವಿ ಕೊರೆದು ಅಂತರ್ಜಲ ಕೆಳಗೆ ಹೋಗಿದೆ. ಎಷ್ಟೋ ರೈತರು ಮಳೆನೀರು ಹಿಡಿಯಲು ತಮ್ಮ ಜಮೀನಿನಲ್ಲೇ ಕೆರೆ ಕಟ್ಟಿಕೊಂಡಿದ್ದಾರೆ. ಡೀಸೆಲ್, ಗೊಬ್ಬರ ದುಬಾರಿ. ಸಹಾಯ ಬೇಕು. ಅದೇ ನ್ಯಾಯದಿಂದ ನಮ್ಮ ರೈತರಿಗೂ ಬೇಕು. 2018ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ, ಭಾರತ ಭತ್ತ ಮತ್ತು ಗೋಧಿಗೆ ಕೊಡುವ ಬೆಂಬಲ ಬೆಲೆ ಮಿತಿ ಮೀರಿದೆ ಅಂತ ಲೆಕ್ಕ ಮಂಡಿಸಿತು. ನಮ್ಮ ಸಾಮಾನ್ಯ ಭತ್ತದ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ. ಆಗಲೇ ಹೇಳಿದ 37 ಡಾಲರಿನ ಪಕ್ಕ ಇದನ್ನು ಇಟ್ಟು ನೀವೇ ನೋಡಿ. ಯಾರಿಗೆ ಜಾಸ್ತಿ ಆಸರೆ ಸಿಗುತ್ತಿದೆ ಅಂತ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಕೇಳಿದರು: "ಸಾರ್, ಅಲ್ಲಿ ಗೇಣಿಗೆ ಮಾಡೋರಿಗೆ ಈಗಾದರೂ ದುಡ್ಡು ಬರುತ್ತಾ? ನಾವು ಎರಡು ಎಕರೆ ಬೇರೆಯವರದ್ದು ಮಾಡ್ತೀವಿ. ನಮಗೆ ಏನೂ ಬರಲ್ಲ."

ನಾನು ಹೇಳಿದೆ: ಬರುತ್ತದಮ್ಮ. ಅಮೆರಿಕದ ಕೃಷಿ ಜಮೀನಿನಲ್ಲಿ ಶೇ. 39ರಷ್ಟು ಗೇಣಿಯದ್ದೇ. ಅಲ್ಲಿನ ರೈತರು ಬೇಸಿಗೆಯಲ್ಲಿ ಕೌಂಟಿ ಕಚೇರಿಗೆ ಹೋಗಿ ಯಾವ ಹೊಲದಲ್ಲಿ ಏನು ಬಿತ್ತಿದ್ದೇನೆ ಅಂತ ಬರೆಸುತ್ತಾರೆ. ಅದರಲ್ಲಿ ಉಳುವವರು ಯಾರು, ಒಡೆಯರು ಯಾರು, ಯಾರದ್ದು ಎಷ್ಟು ಪಾಲು ಅಂತ ಇರುತ್ತದೆ. ಹಣದ ಗೇಣಿ ಆದರೆ ಸಹಾಯಧನ ಉಳುವವನಿಗೆ. ಬೆಳೆಯ ಪಾಲು ಆದರೆ ಇಬ್ಬರಿಗೂ ಅವರವರ ಭಾಗ. ಆಮೇಲೆ ಒಡೆಯ ಗೇಣಿ ಏರಿಸಿ ಅದರಲ್ಲಿ ಒಂದಿಷ್ಟನ್ನು ವಾಪಸ್ ತೆಗೆದುಕೊಳ್ಳುತ್ತಾನೆ, ಅದು ಬೇರೆ. ಆದರೆ ಉಳುವವನ ಹೆಸರು ಕಾಗದದಲ್ಲಿ ಇದೆ.

ನಮ್ಮಲ್ಲಿ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಜಮೀನು ಯಾರ ಹೆಸರಲ್ಲಿ ಇದೆಯೋ ಅವರಿಗೆ. ಬೆಳೆ ಪರಿಹಾರ ಎಫ್‌ಐಡಿ, ಅಂದರೆ ಜಮೀನಿನ ದಾಖಲೆಗೆ ಜೋಡಿಸಿದ ರೈತರ ಗುರುತಿನ ಸಂಖ್ಯೆ, ನೋಡಿಕೊಂಡು ಬರುತ್ತದೆ. ಖರೀದಿ ಕೇಂದ್ರದಲ್ಲಿ ಭತ್ತ ಹಾಕಲು ಹೋದರೂ ಎಫ್‌ಐಡಿ ಕೇಳುತ್ತಾರೆ. ಪಕ್ಕದ ತೆಲಂಗಾಣದಲ್ಲಿ 2018ರಲ್ಲಿ ಎಕರೆ ಲೆಕ್ಕದಲ್ಲಿ ಹಣ ಕೊಡುವ ರೈತ ಬಂಧು ಶುರುವಾದಾಗಲೂ ಅದು ಪಟ್ಟಾ ಇದ್ದವರಿಗೇ ಹೋಯಿತು. ಆಂಧ್ರ 2019ರಲ್ಲಿ ಗೇಣಿದಾರರಿಗೆ ಕಾರ್ಡು ಕೊಡುವ ಕಾನೂನು ಮಾಡಿತು. ಅದಕ್ಕೆ 11 ತಿಂಗಳ ಕರಾರು, ಒಡೆಯರ ಸಹಿ ಬೇಕಿತ್ತು. ಸಹಿ ಹಾಕಿದರೆ ಜಮೀನು ಹೋದೀತು ಅನ್ನುವ ಭಯಕ್ಕೆ ಎಷ್ಟೋ ಒಡೆಯರು ಸಹಿ ಹಾಕಲಿಲ್ಲ. ನಮ್ಮಲ್ಲಂತೂ 1974ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಗೇಣಿ ಕೊಡುವುದಕ್ಕೇ ಕಾನೂನಿನ ಒಪ್ಪಿಗೆ ಇಲ್ಲ. ಆ ತಿದ್ದುಪಡಿಯಿಂದ ಲಕ್ಷಾಂತರ ಒಕ್ಕಲುಗಳಿಗೆ ಜಮೀನು ಬಂತು, ಅದನ್ನು ಮರೆಯಬಾರದು. ಆದರೆ ಈಗ ಗೇಣಿಗೆ ಮಾಡುವವರದ್ದೆಲ್ಲ ಬಾಯಿಮಾತಿನ ಲೆಕ್ಕ.

ನಮ್ಮಪ್ಪನೂ ಬೇರೆಯವರ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡಿದವರು. ಆ ಗದ್ದೆಯ ಹಳೆಯ ಪಹಣಿಯ ಒಂದು ನಕಲು ನನ್ನ ಹತ್ತಿರ ಇದೆ. ಪಹಣಿಯ 12ನೇ ಕಾಲಂ ಸಾಗುವಳಿದಾರರ ಹೆಸರಿಗೆ ಅಂತಲೇ ಇರುವ ಜಾಗ. ಒಡೆಯರ ಹೆಸರು 9ನೇ ಕಾಲಂನಲ್ಲಿ ಬರುತ್ತದೆ, 12ರಲ್ಲಿ ಉಳುವವರ ಹೆಸರು ಬರಬೇಕು. ಅಪ್ಪ ಆ ಗದ್ದೆಯಲ್ಲಿ ನಾಟಿ ಹಾಕಿಸಿದ ವರ್ಷಗಳಲ್ಲೆಲ್ಲ ಆ ಕಾಲಂನಲ್ಲಿ ಒಂದೇ ಪದ ಇದೆ: ಸ್ವಂತ.

ಆ ಹೆಣ್ಣುಮಗಳು ತಮ್ಮ ಎರಡು ಎಕರೆಯ ಸರ್ವೆ ನಂಬರು ಹೇಳಿದರು. ಪಕ್ಕದಲ್ಲಿ ಕೂತಿದ್ದ ಹುಡುಗ ಮೊಬೈಲಿನಲ್ಲಿ ಪಹಣಿ ತೆಗೆದ. 12ನೇ ಕಾಲಂ ಓದಿ ಅವರ ಕೈಗೆ ಕೊಟ್ಟ. ಅಲ್ಲೂ ಅದೇ ಪದ ಇತ್ತು.